ಕಾರವಾರದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ದೂರ ಜಾಸ್ತಿ, ಹೊತ್ತು ಕಡಿಮೆ!

ನಮಸ್ಕಾರ. ಇದು ಕಾರವಾರದ ನಮ್ಮ ಮನೆ ಜಗಲಿ. ಆಯಿ ಅಮೆರಿಕಕ್ಕೆ ಹೊರಟಿದ್ದಾಳೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಅಕ್ಕನ ಮನೆಗೆ. ಬೆಂಗಳೂರಿನಿಂದ ಅಲ್ಲಿಗೆ ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿದಳು.

ದೂರ ಸುಮಾರು 14,000 ಕಿ.ಮೀ. ಆದರೆ ಯಾವ ಕಡೆಯಿಂದ? ಅದಕ್ಕೆ ಹಳೇ ಗ್ಲೋಬ್ ಕೆಳಗಿಳಿಸಿದೆವು. ಅಬ್ಬಲಿಗೆ ದಂಡೆ ಕಟ್ಟುವ ಬಾಳೆನಾರನ್ನು ಆಯಿ ಒದ್ದೆ ಮಾಡಿ ತಂದಳು. ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಇನ್ನೊಂದು ತುದಿಯನ್ನು ನಾನು ಬಿಗಿಯಾಗಿ ಎಳೆದೆ. ನೋಡಿ, ನಾರು ಮೇಲಕ್ಕೆ ಜಾರಿ ಉತ್ತರ ಧ್ರುವದ ಕಡೆಗೆ ಬಾಗಿ ಹೋಯಿತು! ಅತಿ ಹತ್ತಿರದ ದಾರಿ ಅದೇ. ಗೋಡೆ ನಕ್ಷೆಯಲ್ಲಿ ಪೂರ್ವಕ್ಕೆ ಎಳೆದ ನೇರ ಗೆರೆ ಹಿಡಿದು ಹಾರಿದರೆ 2,000 ಕಿ.ಮೀ.ಗಿಂತ ಜಾಸ್ತಿ ಸುತ್ತು.

ಹಾಗಾದರೆ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತ ಇಟ್ಟು ದೂರವನ್ನು ಭಾಗಿಸಿದರೆ ಆಯಿತು, ಅಲ್ವಾ? ಇಲ್ಲ. ನನಗೆ ತುಂಬಾ ಇಷ್ಟವಾದ ವಿಷಯ ಇಲ್ಲೇ ಇದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಮೇಲಿನಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಮೇಲಿನಿಂದ ಹಾರಿತು. ಈ ದಾರಿ 15,300 ಕಿ.ಮೀ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ ಮುಟ್ಟಿತು. ಹಳೇ ದಾರಿಗಿಂತ ಸುಮಾರು ಎರಡು ಗಂಟೆ ಬೇಗ!

ಕಾರಣ ಗಾಳಿ. ನೆಲದಿಂದ ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಅದರ ಜೋರು ಇನ್ನೂ ಹೆಚ್ಚು. ಪೂರ್ವಕ್ಕೆ ಹೊರಟ ವಿಮಾನವನ್ನು ಅದು ಹಿಂದಿನಿಂದ ತಳ್ಳುತ್ತದೆ, ಪಶ್ಚಿಮಕ್ಕೆ ಹೊರಟರೆ ತಡೆಯುತ್ತದೆ. ನಮ್ಮ ಬೈತಖೋಲ ಬಂದರಿನ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಎದುರಿಗಿದ್ದರೆ ಡೀಸೆಲ್ ಎಷ್ಟು ಉರಿಯುತ್ತದೆ ಅಂತ ಅವರಿಗೆ ಗೊತ್ತು.

ಇನ್ನು ಗಡಿಯಾರದ ವಿಷಯ. ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲೂ ಇಳಿಯದೆ ಬಂದ ಏರ್ ಇಂಡಿಯಾದ ಮೊದಲ ವಿಮಾನ 2021ರ ಜನವರಿ 9ರ ರಾತ್ರಿ ಹೊರಟಿತು, ಉತ್ತರ ಧ್ರುವದ ಮೇಲಿನಿಂದ. ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಪೈಲಟ್‌ಗಳೆಲ್ಲ ಹೆಂಗಸರೇ. ಅದು ಇಳಿದದ್ದು 11ರ ಬೆಳಗಿನ ಜಾವ. ಹಾರಿದ್ದು ಮಾತ್ರ ಸುಮಾರು 17 ಗಂಟೆ. ಚಳಿಗಾಲದಲ್ಲಿ ನಾವು ಅವರಿಗಿಂತ ಹದಿಮೂರೂವರೆ ಗಂಟೆ ಮುಂದೆ ಇರುತ್ತೇವಲ್ಲ, ತಾರೀಕು ಹಾಗೆ ಜಿಗಿಯುತ್ತದೆ.

ಆಯಿ ಹೋಗುವುದು ನಡುವೆ ಒಂದು ಕಡೆ ವಿಮಾನ ಬದಲಿಸಿ. ಅದಕ್ಕೂ ಮೊದಲು ಕಾರವಾರದಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದು ಇಡೀ ರಾತ್ರಿ. ರಸ್ತೆಯಲ್ಲಾದರೆ 500 ಚಿಲ್ಲರೆ ಕಿ.ಮೀ., ಅಷ್ಟು ದೂರ ವಿಮಾನಕ್ಕೆ ಅರ್ಧ ಗಂಟೆಯ ಸ್ವಲ್ಪ ಮೇಲೆ. ವಯಸ್ಸಾದವರ ಪ್ರಯಾಣಕ್ಕೆ ಲೆಕ್ಕ ಹಾಕುವಾಗ ದಯವಿಟ್ಟು ಈ ರಾತ್ರಿಯನ್ನೂ ಸೇರಿಸಿ. ಬಿಪಿ, ಶುಗರ್ ಗುಳಿಗೆ ಇದ್ದರೆ ಯಾವುದನ್ನು ಯಾವ ಹೊತ್ತಿಗೆ ತಗೊಳ್ಳಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಆಯಿಯ ಚೀಟಿ ಅವಳ ಪಾಸ್‌ಪೋರ್ಟ್ ಚೀಲದಲ್ಲೇ ಇದೆ.