ಥಾನು ಉಳಿದರೆ ಯಾರ ಲೆಕ್ಕಕ್ಕೆ?

(ಶಿರಸಿಯಲ್ಲಿ ಕೌದಿ ಹೊಲಿಯುವವರು ಮತ್ತು ಡಿಸೈನ್ ಕಲಿತವರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಎರಡು ತರಹದವರು ಕೂತಿದ್ದೀರಿ. ಮುಂದೆ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯಿಂದ ಬಂದ, ಹಳೇ ಬಟ್ಟೆ ತುಂಡು ಜೋಡಿಸಿ ಕೌದಿ ಹೊಲಿಯುವ ಅಕ್ಕಂದಿರು. ಹಿಂದಿನ ಸಾಲುಗಳಲ್ಲಿ ಡಿಸೈನ್ ಕಲಿತು ಊರಿಗೆ ಬಂದ ಹುಡುಗ ಹುಡುಗಿಯರು. ಮುಂದಿನವರಿಗೆ ಕೌದಿಗೆ ಅಂತ ಬಟ್ಟೆ ಕೊಂಡು ರೂಢಿ ಇಲ್ಲ. ಹಿಂದಿನವರಿಗೆ ಬಟ್ಟೆಗೆ ಕತ್ತರಿ ಹಾಕಿ ರೂಢಿ ಇಲ್ಲ. ನನ್ನ ಕಸುಬು ಇವರಿಬ್ಬರ ನಡುವೆ ಎಲ್ಲೋ ಇದೆ. ಕ್ವಿಲ್ಟ್, ಅಂದರೆ ಅಮೆರಿಕದ ಕಡೆಯ ಕೌದಿ, ಹೊಲಿಯುವವರು ಕೊಳ್ಳುವ ಹತ್ತಿ ಬಟ್ಟೆಗೆ ಡಿಸೈನ್ ಬರೆಯುತ್ತೇನೆ, ಅದನ್ನು ಮಾರುತ್ತೇನೆ. ಬರೆಯುವುದು ನಿಮಗೆ ಗೊತ್ತು. ಇವತ್ತು ಮಾರುವ ಮಾತು. ಅದೂ ಜನರ ಕೈಯಲ್ಲಿ ಕಾಸು ಬಿಗಿಯಾದ ಕಾಲದಲ್ಲಿ.

ಕಾಸು ಬಿಗಿಯಾದಾಗ ಎಲ್ಲ ವ್ಯಾಪಾರಕ್ಕೂ ಪೆಟ್ಟು ಬೀಳುತ್ತದೆ. ಈ ವ್ಯಾಪಾರಕ್ಕೆ ಮೊದಲು ಬೀಳುತ್ತದೆ. ಯಾಕೆ ಅಂದರೆ, ಕ್ವಿಲ್ಟ್ ಬಟ್ಟೆ ಯಾವತ್ತೂ ಖಾಲಿ ಆಗುವುದಿಲ್ಲ. ಅಮೆರಿಕದಲ್ಲಿ ಕ್ವಿಲ್ಟ್ ಹೊಲಿಯುವ ಹೆಂಗಸರ ಮನೆಯಲ್ಲಿ ಒಂದು ಕಪಾಟು ತುಂಬ ಬಟ್ಟೆ ಇರುತ್ತದೆ. ಚಂದ ಕಂಡಿತು ಅಂತ ತಂದಿಟ್ಟಿದ್ದು, ಇನ್ನೂ ಕತ್ತರಿ ಕಾಣದ್ದು. ನಮ್ಮ ಮನೆಗಳ ಬ್ಲೌಸ್ ಪೀಸ್ ರಾಶಿ ನೆನಪಿಸಿಕೊಳ್ಳಿ. ಮದುವೆ, ಉಪನಯನ, ಸೀಮಂತ ಅಂತ ಉಡಿ ತುಂಬಿದಾಗ ಬಂದದ್ದೆಲ್ಲ ಕಪಾಟಿನಲ್ಲಿ ಸೇರಿ, ನಾಲ್ಕು ರವಿಕೆ ಹೊಲಿಸಿದರೂ ಕರಗುವುದಿಲ್ಲ, ಅಲ್ವಾ? ಹಾಗೇ ಅದು. ದುಡ್ಡಿಗೆ ತಾಪತ್ರಯ ಬಂದಾಗ ಆಕೆ ಹೊಲಿಯುವುದನ್ನು ಬಿಡುವುದಿಲ್ಲ. ಕೊಳ್ಳುವುದನ್ನು ಬಿಡುತ್ತಾಳೆ. ಹೊಲಿಗೆ ಜಾಸ್ತಿಯಾಗಿ ಮಾರಾಟ ಕಡಿಮೆಯಾಗುವ ವಿಚಿತ್ರ ವ್ಯಾಪಾರ ಇದು.

ಈಗ ದುಡ್ಡು ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡೋಣ. ಕ್ವಿಲ್ಟ್ ಬಟ್ಟೆ ಸುಮಾರು 44 ಇಂಚು ಪನ್ನಾ, ಅಂದರೆ ಅಗಲ. ಅಂಗಡಿಯವರು ಥಾನು, ಅಂದರೆ ಬಟ್ಟೆಯ ಇಡೀ ಸುರುಳಿಯ ಲೆಕ್ಕದಲ್ಲಿ ತರಿಸಿ ಗಜದ ಲೆಕ್ಕದಲ್ಲಿ ಮಾರುತ್ತಾರೆ. ಬಟ್ಟೆ ಕಂಪನಿ ನಿಮ್ಮಿಂದ ಬಿಡಿ ಡಿಸೈನ್ ಕೇಳುವುದು ಕಡಿಮೆ. ಇಡೀ ಕಲೆಕ್ಷನ್ ಬೇಕು ಅನ್ನುತ್ತದೆ. ಒಂದೆರಡು ದೊಡ್ಡ ಪ್ರಿಂಟು, ಕೆಲವು ಮಧ್ಯಮ, ಉಳಿದದ್ದು ಚುಕ್ಕಿ, ಗೆರೆ, ಸಣ್ಣ ಬಳ್ಳಿ. ಪ್ರತಿಯೊಂದೂ ಎರಡು ಮೂರು ಬಣ್ಣದ ಜೋಡಣೆಯಲ್ಲಿ. ನೀವು ಕೊಟ್ಟ ಮೇಲೆ ಬಟ್ಟೆಯಾಗಿ ಅಂಗಡಿಗೆ ಬರಲು ಹೆಚ್ಚೂಕಡಿಮೆ ಒಂದು ವರ್ಷ ಹಿಡಿಯುತ್ತದೆ. ನಿಮ್ಮ ದುಡ್ಡು ಶುರುವಾಗುವುದು ಅದಾದ ಮೇಲೆ.

ಎಷ್ಟು ದುಡ್ಡು? ಲೆಕ್ಕಕ್ಕೆ ಅಂತ ಹಿಡಿಯಿರಿ, ಗಜಕ್ಕೆ ಅಂಗಡಿ ಬೆಲೆ 12 ಡಾಲರ್. ಕಂಪನಿ ಅಂಗಡಿಗೆ ಕೊಟ್ಟದ್ದು ಅರ್ಧಕ್ಕೆ, 6 ಡಾಲರಿಗೆ. ನಿಮ್ಮ ರಾಯಲ್ಟಿ, ಅಂದರೆ ಮಾರಾಟದಲ್ಲಿ ನಿಮ್ಮ ಪಾಲು, ಬರುವುದು ಈ ಆರರ ಮೇಲೆ, ಹನ್ನೆರಡರ ಮೇಲಲ್ಲ. 5 ಪರ್ಸೆಂಟ್ ಆದರೆ 30 ಸೆಂಟ್. ಸಾವಿರ ಗಜ ಹೋದರೆ 300 ಡಾಲರ್. ಇಷ್ಟೇನಾ ಅಂತ ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ. ಆದರೆ ಉಳಿದ 95 ಪಾಲು ಸುಮ್ನೆ ಲಾಭ ಅಂತ ತಿಳಿಯಬೇಡಿ. ಅದರಲ್ಲಿ ಬಟ್ಟೆ, ಅಚ್ಚು, ಹಡಗು, ಗೋದಾಮು ಎಲ್ಲ ಇದೆ. ಜೊತೆಗೆ ಮಾರಾಟವಾಗದೆ ಉಳಿದ ಥಾನಿನ ಖರ್ಚೂ ಇದೆ. ಒಳ್ಳೆಯ ಕಾಲದಲ್ಲಿ ಅಂಗಡಿಯವರು ಅದನ್ನು ಹೊರುತ್ತಾರೆ. ಕೆಟ್ಟ ಕಾಲದಲ್ಲಿ ಅವರು ಕಂಪನಿ ಮೇಲೆ ಹೊರಿಸುತ್ತಾರೆ, ಕಂಪನಿ ನಮ್ಮ ಮೇಲೆ. ನಿಮ್ಮ ಡಿಸೈನ್ ತಿರಸ್ಕಾರ ಆದಾಗ ಚಿತ್ರ ಚಂದ ಇಲ್ಲ ಅಂತ ಅಳಬೇಡಿ. ಬಹಳ ಸಲ ಅದು ಥಾನಿನ ಭಯ.

ಈ ಭಯಕ್ಕೆ ಕಾರಣವೂ ಇದೆ. 1943ರಲ್ಲಿ ಶುರುವಾದ ಜೋಆನ್ ಅನ್ನುವ ದೊಡ್ಡ ಬಟ್ಟೆ ಅಂಗಡಿ ಸರಣಿ ಅಮೆರಿಕದಲ್ಲಿತ್ತು. ಒಂದು ವರ್ಷದೊಳಗೆ ಎರಡು ಸಲ ದಿವಾಳಿ ಅರ್ಜಿ ಹಾಕಿತು. 2025ರ ಮೇ ಹೊತ್ತಿಗೆ ಸುಮಾರು 800 ಅಂಗಡಿಗಳಿಗೂ ಬಾಗಿಲು ಬಿತ್ತು. ಮುಚ್ಚುವ ಮುಂಚೆ ಇದ್ದ ಮಾಲನ್ನೆಲ್ಲ ರಿಯಾಯಿತಿಯಲ್ಲಿ ಮಾರಿದರು. ಅಂದರೆ ಕೊಳ್ಳುವ ಅಂಗಡಿಯೂ ಹೋಯಿತು, ಹೊಲಿಯುವವರ ಕಪಾಟೂ ತುಂಬಿತು.

ಅದೇ ವರ್ಷ ಸುಂಕದ ಆಟ. ಭಾರತದ ಮಾಲಿಗೆ ಅಮೆರಿಕದಲ್ಲಿ ಆಗಸ್ಟ್ 7ಕ್ಕೆ 25 ಪರ್ಸೆಂಟ್ ಹೆಚ್ಚುವರಿ ಸುಂಕ, ಆಗಸ್ಟ್ 27ಕ್ಕೆ 50. ಆರ್ಡರ್ ಹಾಕುವಾಗ ಒಂದು ದರ, ಮಾಲು ಬಂದರಿಗೆ ಇಳಿಯುವಾಗ ಇನ್ನೊಂದು. ಸಣ್ಣವರಿಗೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. 800 ಡಾಲರ್ ಒಳಗಿನ ಪಾರ್ಸಲ್ಲಿಗೆ ಇದ್ದ ವಿನಾಯಿತಿ ಆಗಸ್ಟ್ ಕೊನೆಗೆ ಹೋಯಿತು. ನಮ್ಮ ಅಂಚೆಯವರು ಅಮೆರಿಕಕ್ಕೆ ಹೆಚ್ಚಿನ ಪಾರ್ಸಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿ, ಅಕ್ಟೋಬರ್ ಮಧ್ಯದಲ್ಲಿ ಮತ್ತೆ ಶುರು ಮಾಡಿದರು. ಶಿರಸಿ ಪೋಸ್ಟಾಫೀಸಿನ ಕೌಂಟರಿನಿಂದ ಒಂದು ಕೌದಿ ಕಳಿಸಿ ನಾಲ್ಕು ಕಾಸು ನೋಡುವವರಿಗೆ ಇದು ಸಣ್ಣ ಮಾತಲ್ಲ. ಹಿಂದಿನ ಸಾಲಿನವರು ಒಂದು ವಿಷಯ ಗಮನಿಸಿ. ಬಟ್ಟೆಗೆ ಸುಂಕ ಬಿತ್ತು. ಮೇಲ್ ಮಾಡಿದ ಡಿಸೈನ್ ಫೈಲಿಗೆ ಬೀಳಲಿಲ್ಲ. ಕೊರಿಯಾದಲ್ಲೋ ಜಪಾನಿನಲ್ಲೋ ಅಚ್ಚಾಗುವ ಬಟ್ಟೆಗೆ ಶಿರಸಿಯಲ್ಲಿ ಕೂತು ಡಿಸೈನ್ ಕೊಡಬಹುದು.

ಹಾಗಾದರೆ ಥಾನಿನ ಭಯ ಇರುವವರಿಗೆ ಏನು ಮಾರಬೇಕು?

ಇಲ್ಲಿ ನೋಡಿ. ಇದು ಯಕ್ಷಗಾನದ ಕಿರೀಟ ಇಟ್ಟ ಬಣ್ಣದ ವೇಷ. ಒಂದು ಅಡಿ ಎತ್ತರದ ಪ್ರಿಂಟು. ಗೋಡೆಗೆ ತೂಗು ಹಾಕಿದರೆ ಹೋಗುವವರು ನಿಂತು ನೋಡುತ್ತಾರೆ. ಈಗ ಕ್ವಿಲ್ಟ್ ಹೊಲಿಯುವವರ ಹಾಗೆ ಕತ್ತರಿಸುತ್ತೇನೆ, ಎರಡೂವರೆ ಇಂಚಿನ ಪಟ್ಟಿ. ಇದರಲ್ಲಿ ಒಂದು ಕಣ್ಣು. ಇದರಲ್ಲಿ ಅರ್ಧ ಮೀಸೆ. ಇದರಲ್ಲಿ ಏನೂ ಇಲ್ಲ, ಬರೀ ಕೆಂಪು. ಇದು ಮಾತ್ರ ಚೆನ್ನಾಗಿದೆ, ಕಿರೀಟದ ಅಂಚಿನ ಚುಕ್ಕಿ ಸಾಲು. ಆ ಚುಕ್ಕಿ ಸಾಲನ್ನೇ ಬೇರೆ ಬಟ್ಟೆ ಮಾಡಿ ಅಂತ ನಾನು ಹೇಳುವುದು. ಅಮೆರಿಕದ ಅಂಗಡಿಗಳಲ್ಲಿ 10 ಇಂಚು, 5 ಇಂಚು, ಎರಡೂವರೆ ಇಂಚು ಅಳತೆಗೆ ಮೊದಲೇ ಕತ್ತರಿಸಿದ ಕಟ್ಟುಗಳು ಬರುತ್ತವೆ. ಇಡೀ ಕಲೆಕ್ಷನ್ನಿನ ಒಂದೊಂದು ತುಂಡು ಒಂದೇ ಕಟ್ಟಿನಲ್ಲಿ. ದುಡ್ಡಿಲ್ಲದ ಕಾಲದಲ್ಲಿ ಗಜಗಟ್ಟಲೆ ಕೊಳ್ಳದವರೂ ಒಂದು ಕಟ್ಟು ತಗೊಳ್ಳುತ್ತಾರೆ. ಹಾಗಾಗಿ ಒಂದು ರಟ್ಟಿನಲ್ಲಿ ಈ ಮೂರು ಅಳತೆಯ ಕಿಟಕಿ ಕೊಯ್ದು ಇಟ್ಟುಕೊಳ್ಳಿ. ಡಿಸೈನ್ ಮೇಲೆ ಜಾರಿಸಿ ನೋಡಿ. ಕಿಟಕಿ ಎಲ್ಲಿ ನಿಂತರೂ ಒಳಗೆ ಏನಾದರೂ ಇರಬೇಕು.

ಹೆಸರು ತಂದುಕೊಡುವುದು ದೊಡ್ಡ ಪ್ರಿಂಟು. ಅನ್ನ ಹಾಕುವುದು ಚುಕ್ಕಿ, ಗೆರೆ. ದೊಡ್ಡದು ಒಂದು ಕಲೆಕ್ಷನ್ನಿಗೆ ಮುಗಿಯಿತು. ಚುಕ್ಕಿ ಯಾವ ಕೌದಿಗೂ, ಯಾವ ವರ್ಷವೂ ಹೊಂದುತ್ತದೆ. ಕಪಾಟು ತುಂಬಿದ ಹೆಂಗಸಿಗೂ, ಇದ್ದ ಬಟ್ಟೆಗಳನ್ನು ಒಂದಕ್ಕೊಂದು ಜೋಡಿಸಲು ಇದು ಬೇಕೇ ಬೇಕು.

ಇನ್ನು ಬಣ್ಣ. ಸ್ಕ್ರೀನ್ ಪ್ರಿಂಟಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್, ಅಂದರೆ ಬಣ್ಣ ಹಾಯಿಸುವ ಜಾಲರಿ, ಅಷ್ಟಕ್ಕೂ ಖರ್ಚು. ಮಿಲ್ಲುಗಳ ರೋಟರಿ ಯಂತ್ರದಲ್ಲಿ ಉರುಳೆಯ ಸುತ್ತಳತೆ ಸಾಮಾನ್ಯವಾಗಿ 64 ಸೆಂಟಿಮೀಟರ್. ನಿಮ್ಮ ರಿಪೀಟ್, ಅಂದರೆ ಡಿಸೈನ್ ಮತ್ತೆ ಮೊದಲಿಂದ ಶುರುವಾಗುವ ಅಳತೆ, 64 ಅಥವಾ 32 ಅಥವಾ 16ಕ್ಕೆ ಕೂರಬೇಕು. 50 ಸೆಂಟಿಮೀಟರಿನಲ್ಲಿ ಬರೆದು ಕೊಟ್ಟರೆ ಅವರು ಹಿಗ್ಗಿಸುತ್ತಾರೆ, ಇಲ್ಲ ವಾಪಸ್ ಕಳಿಸುತ್ತಾರೆ. ಈ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಕರಾವಳಿಯ ಹಳೇ ದೇವಸ್ಥಾನಗಳ ಗೋಡೆಯ ಕಾವಿ ಚಿತ್ರ ನೋಡಿದ್ದೀರಲ್ಲ? ಬಿಳಿ ಸುಣ್ಣದ ಗಾರೆ, ಕೆಮ್ಮಣ್ಣಿನ ಕೆಂಪು. ಮುಗಿಯಿತು, ಒಂದೇ ಸ್ಕ್ರೀನ್! ಸಿದ್ದಾಪುರ ಕಡೆ ದೀವರ ಸಮುದಾಯದ ಹೆಂಗಸರು ಮನೆ ಗೋಡೆಗೆ ಬರೆಯುವ ಹಸೆ ಚಿತ್ತಾರವೂ ಹಾಗೇ. ಕೆಂಪು ನೆಲದ ಮೇಲೆ ಬಿಳಿ ಗೆರೆ. ಎಲ್ಲಿ ಕತ್ತರಿಸಿದರೂ ಲಕ್ಷಣವಾಗಿ ಕಾಣುತ್ತದೆ. ಕಡಿಮೆ ಬಣ್ಣದಲ್ಲಿ ತುಂಬಿದ ಹಾಗೆ ಕಾಣಿಸುವುದು ಹೇಗೆ ಅಂತ ಆ ಹೆಂಗಸರಿಂದ ಕಲಿಯಬೇಕು. ಅವರ ಚಿತ್ತಾರವನ್ನೇ ಎತ್ತಿ ಹಾಕುವುದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಥಾನೇ ಇಲ್ಲದೆ ಮಾರುವ ದಾರಿಯೂ ಇದೆ. ಡಿಜಿಟಲ್ ಪ್ರಿಂಟು. ಆರ್ಡರ್ ಬಂದ ಮೇಲೆ ಅಚ್ಚು. 2008ರಲ್ಲಿ ಅಮೆರಿಕದಲ್ಲಿ ಸ್ಪೂನ್‌ಫ್ಲವರ್ ಅನ್ನುವ ಕಂಪನಿ ಶುರುವಾದದ್ದು ಇದರ ಮೇಲೇ. ನಮ್ಮಲ್ಲೂ ಸೂರತ್, ಬೆಂಗಳೂರಿನಲ್ಲಿ ಸ್ವಲ್ಪವೇ ಮೀಟರ್ ಅಚ್ಚು ಹಾಕಿ ಕೊಡುವವರು ಇದ್ದಾರೆ. ಮೀಟರಿಗೆ ದರ ಜಾಸ್ತಿ, ನಿಜ. ಆದರೆ ಉಳಿಕೆ ಇಲ್ಲ. ನನ್ನ ಕೇಳಿದರೆ, ಈಗಿನ ಕಾಲದಲ್ಲಿ ಹೊಸಬರು ಇಲ್ಲಿಂದಲೇ ಶುರು ಮಾಡಬೇಕು. ಸಾಲ ಮಾಡಿ ನೂರಾರು ಮೀಟರ್ ಅಚ್ಚು ಹಾಕಿಸಿ ಅಟ್ಟದ ಮೇಲೆ ಇಡಬೇಡಿ. ಮಳೆಗಾಲದ ಬೂಷ್ಟಿಗೆ ರಿಯಾಯಿತಿ ಗೊತ್ತಿಲ್ಲ.

ಈಗ ಮುಂದೆ ಕೂತ ಅಕ್ಕಂದಿರ ಕಡೆ ಬರುತ್ತೇನೆ. ಬೆಳಿಗ್ಗೆ ಚಹಾ ಕುಡಿಯುವಾಗ ಇವರಲ್ಲೊಬ್ಬರು ಕೇಳಿದರು: "ಹೊಸ ಅರಿವೆ ಹರಿದು ಯಾರಾದರೂ ಕೌದಿ ಹೊಲೀತಾರಾ ತಂಗೀ?" ಇಡೀ ವ್ಯಾಪಾರದ ಬುಡವೇ ಈ ಪ್ರಶ್ನೆಯಲ್ಲಿದೆ. ಕೌದಿ ಹುಟ್ಟಿದ್ದು ಹಳೇ ಸೀರೆ, ಲಂಗ, ಅಂಗಿಯಿಂದ. ಸಿದ್ದಿ ಸಮುದಾಯದ ಅಕ್ಕಂದಿರ ಕೌದಿಯಲ್ಲಿ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ಮೂಲೆಗಳಲ್ಲಿ ಬಟ್ಟೆಯನ್ನು ಮಡಚಿ ಒಂದು ಹೂವು. ಪಟ್ಟಿ ಹಿಡಿದು ಅಳೆಯುವುದಿಲ್ಲ, ಎರಡು ಕೌದಿ ಒಂದೇ ತರಹ ಇರುವುದಿಲ್ಲ. ಇವರ ಕೌದಿಗಳು ನ್ಯೂಯಾರ್ಕಿನ ಪ್ರದರ್ಶನದವರೆಗೂ ಹೋಗಿ ಬಂದಿವೆ. ಇವರಿಗೆ ಹೋಗಿ "ನನ್ನ ಪ್ರಿಂಟು ಕೊಳ್ಳಿ" ಅಂದರೆ ನಗದೇ ಇನ್ನೇನು ಮಾಡುತ್ತಾರೆ?

ಆದರೂ ಕೌದಿಯಲ್ಲಿ ಹೊಸ ಬಟ್ಟೆ ಸೇರುವ ಜಾಗ ಇದೆ. ಒಂದು, ಅಸ್ತರು. ಹಳೇ ಸೀರೆ ಅಸ್ತರು ಮೇಲ್ಭಾಗಕ್ಕಿಂತ ಬೇಗ ಜೀರ್ಣವಾಗುತ್ತದೆ. ಮಾರುವ ಕೌದಿಗೆ ಗಟ್ಟಿ ಹೊಸ ಬಟ್ಟೆ ಬೇಕು. ಇನ್ನೊಂದು, ತೊಟ್ಟಿಲ ಕೌದಿ. ಪೇಟೆಯ ಬಾಣಂತಿ ಮನೆಯವರು ಯಾರೋ ಉಟ್ಟ ಬಟ್ಟೆ ಬೇಡ ಅನ್ನುತ್ತಾರೆ. ಮೂರನೆಯದು ಗೋಕರ್ಣ, ಮುರ್ಡೇಶ್ವರ ಕಡೆಯ ಹೋಮ್‌ಸ್ಟೇಗಳು. ಅವರಿಗೆ ಎಂಟು ಮಂಚಕ್ಕೂ ಹೊಂದುವ ಬಣ್ಣ ಬೇಕು, ಮೇಲೆ ವಾರವಾರ ಒಗೆಯುತ್ತಾರೆ. ಇಲ್ಲಿ ಡಿಸೈನಿಗಿಂತ ಬಣ್ಣ ಬಿಡದಿರುವುದು ಮುಖ್ಯ. ಒಂದು ತುಂಡು ಕೊಯ್ದು, ಬಿಳಿ ಬಟ್ಟೆ ಜೊತೆ ಬಿಸಿನೀರಿನಲ್ಲಿ ನೆನೆಸಿಡಿ. ಬಿಳಿ ಗುಲಾಬಿಯಾದರೆ ಆ ಕೆಂಪು ಬೇಡ. ಕಾವಿ ಕೆಂಪು ಮಾಡುವವರು ಇದನ್ನು ತಪ್ಪಿಸಲೇಬೇಡಿ.

ನಮ್ಮ ಕಡೆ ದುಡ್ಡಿಗೂ ಒಂದು ಪಂಚಾಂಗ ಇದೆ. ಘಟ್ಟದ ಮೇಲೆ ಅಡಿಕೆ ವ್ಯಾಪಾರ ಆದಾಗ ಕೈಯಲ್ಲಿ ಕಾಸು. ಕರಾವಳಿಯಲ್ಲಿ ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆ ಬಂದ್, ಪೇಟೆಯೂ ತಣ್ಣಗೆ. ಗೋಕರ್ಣದ ಸೀಸನ್ ಮಳೆ ಬಿಟ್ಟ ಮೇಲೆ. ಮಳೆಗಾಲದಲ್ಲಿ ಹೊಲಿಯಿರಿ, ಅಕ್ಟೋಬರಿಗೆ ಮಾರಲು ಇಳಿಯಿರಿ. ಆಗಸ್ಟಿನಲ್ಲಿ ಅರ್ಧ ಬೆಲೆಗೆ ಕೊಟ್ಟು ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ.

ಕದಿಯುವವರ ವಿಷಯ. ಸಂತೆಯಲ್ಲಿ ಕೌದಿ ತುಂಡುಗಳ ಚಿತ್ರ ಅಚ್ಚು ಹಾಕಿದ ಚಾದರ ಸಿಗುತ್ತದೆ. ಹೊಲಿಗೆಯೂ ಅಚ್ಚಿನದೇ. ಹಣ ಕಡಿಮೆ ಇದ್ದಾಗ ಜನ ಅದನ್ನೇ ಒಯ್ಯುತ್ತಾರೆ. ಅದನ್ನು ತಡೆಯಲು ನಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ, ಹಳೆಯ ಪರಂಪರೆಯ ವಿನ್ಯಾಸ ಯಾರ ಹೆಸರಿಗೂ ನೋಂದಣಿ ಆಗುವುದಿಲ್ಲ. ಆದರೆ ನೀವೇ ಹೊಸದಾಗಿ ಬರೆದದ್ದಕ್ಕೆ ದಾರಿ ಇದೆ, ಇದನ್ನು ಬರೆದುಕೊಳ್ಳಿ. ಬಟ್ಟೆಯ ವಿನ್ಯಾಸ 2000ದ ಡಿಸೈನ್ ಕಾಯ್ದೆಯಲ್ಲಿ ನೋಂದಣಿ ಆಗಬೇಕು. 10 ವರ್ಷ ರಕ್ಷಣೆ, ಇನ್ನೂ 5 ವಿಸ್ತರಿಸಬಹುದು. ನೋಂದಣಿ ಮಾಡಿಸದೆ ಕಾಪಿರೈಟ್ ಇದೆಯಲ್ಲ ಅಂತ ಕೂತರೆ, ಆ ವಿನ್ಯಾಸದ ವಸ್ತು ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಾದ ಕೂಡಲೇ ಕಾಪಿರೈಟ್ ಹೋಗುತ್ತದೆ. 51ನೇ ದಿಂಬಿನ ಕವರಿಗೆ ಮುಗಿಯಿತು. ಅರ್ಜಿ ಹಾಕುವ ಮುಂಚೆ ಎಲ್ಲರಿಗೂ ತೋರಿಸಿಬಿಟ್ಟರೆ ಅದು ಹೊಸದು ಅನ್ನುವ ಹಕ್ಕೂ ಹೋಗುತ್ತದೆ. ಮೊದಲು ಅರ್ಜಿ, ಆಮೇಲೆ ಇನ್‌ಸ್ಟಾಗ್ರಾಮ್. ಎಲ್ಲವನ್ನೂ ನೋಂದಣಿ ಮಾಡಿಸಲು ಕೈ ಸಾಲುವುದಿಲ್ಲ. ವರ್ಷಗಟ್ಟಲೆ ಓಡುವ ಚುಕ್ಕಿ, ಬಳ್ಳಿ ಯಾವುದು ಅಂತ ನೋಡಿ ಅದಕ್ಕೆ ಮಾಡಿಸಿ.

ಆಮೇಲೆ ಬರುತ್ತೇನೆ ಅಂದಿದ್ದೆನಲ್ಲ. ಕಾನೂನಿನಲ್ಲಿ ಹಸೆ ಚಿತ್ತಾರಕ್ಕೆ, ಸಿದ್ದಿ ಕೌದಿಗೆ ಒಬ್ಬ ಮಾಲೀಕರಿಲ್ಲ. ಅಂದ ಮಾತ್ರಕ್ಕೆ ಫೋಟೋ ಹೊಡೆದು ರಿಪೀಟ್ ಮಾಡಿ ಹೊರದೇಶಕ್ಕೆ ಮಾರುವುದು ನನಗೆ ಒಪ್ಪಿಗೆ ಇಲ್ಲ. ನಾನು ಹೇಳುವ ವ್ಯವಸ್ಥೆ ಸರಳ. ಬರೆಯುವ ಅಕ್ಕನ ಜೊತೆ ಕೂತು ಹೊಸದು ಬರೆಯಿರಿ. ಕಾಗದದ ಮೇಲೆ ಪಾಲು ಎಷ್ಟು ಅಂತ ಹಾಕಿ ಇಬ್ಬರೂ ಸಹಿ ಮಾಡಿ. ಬಟ್ಟೆಯ ಅಂಚಿನಲ್ಲಿ ಕಂಪನಿ ಹೆಸರು, ಡಿಸೈನರ್ ಹೆಸರು ಅಚ್ಚಾಗುತ್ತದೆ. ಅಲ್ಲಿ ಆಕೆಯ ಹೆಸರೂ ಇರಲಿ. ಮೊದಲ ಸಲ ಕಂಪನಿಯವರು ಗೊಣಗುತ್ತಾರೆ. ಹಾಕುವುದಿಲ್ಲ ಅಂದರೆ ಆ ಡಿಸೈನ್ ಕೊಡಬೇಡಿ, ಚುಕ್ಕಿ ಕೊಡಿ.

ಊಟಕ್ಕೆ ಇನ್ನೂ ಸಮಯ ಇದೆ. ಡಿಸೈನ್ ತಂದವರು ಮೇಜಿನ ಹತ್ತಿರ ಬನ್ನಿ. ಅಕ್ಕಂದಿರ ಕೈಗೆ ಕತ್ತರಿ ಕೊಡುತ್ತೇನೆ. ಅವರು ಕತ್ತರಿಸಿದ ಮೇಲೆ ಉಳಿದದ್ದರ ಬಗ್ಗೆ ಮಾತಾಡೋಣ.