ರೂಟ್ಸ್, ಟ್ವಿನ್ ಸ್ಕ್ರೂ, ಸೆಂಟ್ರಿಫ್ಯೂಗಲ್: ರಸ್ತೆಯ ಕಾರಿಗೆ ಯಾವ ಸೂಪರ್‌ಚಾರ್ಜರ್?

ನಮಸ್ಕಾರ. ಕ್ಯಾಲಿಫೋರ್ನಿಯಾದ ಫ್ರೆಸ್ನೋ ನಗರದ ಹೊರಗಿನ ಪಾರ್ಕಿಂಗ್ ಜಾಗದಲ್ಲಿ ಬಾನೆಟ್ ತೆರೆದು ನಿಂತಿರುವ ಮೂರು ಕಾರುಗಳನ್ನು ನೋಡುತ್ತಿದ್ದೀರಿ. ಎಡಗಡೆಯದು 2017ರ ಕ್ಯಾಮಾರೊ ಜೆಡ್‌ಎಲ್1. ಅದರಲ್ಲಿ ಕಾರ್ಖಾನೆಯಿಂದಲೇ ಬಂದ 1.7 ಲೀಟರ್‌ನ ಈಟನ್ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ) ಇದೆ, ರೂಟ್ಸ್ ಮಾದರಿಯದು. ನಡುವಿನ ಮಸ್ಟಾಂಗ್ ಗೆಳೆಯನದು, ಅದರಲ್ಲಿರುವುದು ಟ್ವಿನ್ ಸ್ಕ್ರೂ. ಬಲಗಡೆಯ ಮಸ್ಟಾಂಗ್ ನನ್ನದು, ಸೆಂಟ್ರಿಫ್ಯೂಗಲ್. ಮೂರನ್ನೂ ಎಂಜಿನ್ನಿನ ಬೆಲ್ಟೇ ತಿರುಗಿಸುತ್ತದೆ. ಆದರೆ ಗಾಳಿಯನ್ನು ಒತ್ತುವ ಬಗೆ ಮೂರರಲ್ಲೂ ಬೇರೆ ಬೇರೆ, ಕಾರಿನ ಸ್ವಭಾವ ಬದಲಾಗುವುದು ಅಲ್ಲಿಯೇ.

ರೂಟ್ಸ್ ಹಳೆಯ ಯಂತ್ರ, ಇಂದಿನ ಕಾರಿಗೆ ಅದು ಬೇಡ ಎಂದು ನಾನು ಬಹಳ ಕಾಲ ವಾದಿಸುತ್ತಿದ್ದೆ. ಹಳೆಯದೆಂಬುದೇನೋ ನಿಜ. ಇಂಡಿಯಾನಾದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಉಣ್ಣೆಯ ಗಿರಣಿ ನಡೆಸುತ್ತಿದ್ದ ರೂಟ್ಸ್ ಸಹೋದರರು 1860ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಕಾರೆಂಬುದೇ ಹುಟ್ಟಿರಲಿಲ್ಲ. ಇದು ಗಾಳಿಯನ್ನು ತನ್ನೊಳಗೆ ಒತ್ತುವುದಿಲ್ಲ, ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸುತ್ತದೆ ಅಷ್ಟೆ. ಮುಂದೆ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಆಗಲೇ ತುಂಬಿಕೊಂಡಿರುವ ಗಾಳಿ ಹಿಂದಕ್ಕೆ ನುಗ್ಗಿ ಬಂದು ಹೊಸ ಗಾಳಿಯನ್ನು ಒತ್ತುವುದರಿಂದ ಬೇಡದ ಬಿಸಿ ಹುಟ್ಟುತ್ತದೆ. ಈಟನ್ ಕಂಪನಿಯ ಟಿವಿಎಸ್ ಮಾದರಿಯಲ್ಲಿ ಗಾಳಿ ಸಾಗಿಸುವ ರೋಟರ್‌ಗಳಿಗೆ (ತಿರುಗುವ ಭಾಗಗಳಿಗೆ) ತಲಾ ನಾಲ್ಕು ಹಾಲೆಗಳನ್ನು ಕೊಟ್ಟು, ಅವುಗಳನ್ನು 160 ಡಿಗ್ರಿಯಷ್ಟು ತಿರುಚಿ, ಈ ನಷ್ಟವನ್ನು ಬಹುಮಟ್ಟಿಗೆ ತಗ್ಗಿಸಿದ್ದಾರೆ. ಇಂದು ಬೆಳಿಗ್ಗೆ ಈ ಕ್ಯಾಮಾರೊ ಓಡಿಸಿದ ಮೇಲೆ ನನ್ನ ಹಳೆಯ ವಾದವನ್ನು ಮುಂದುವರಿಸಲಾರೆ. ಸಿಗ್ನಲ್ ಬಿಟ್ಟು ಹೊರಟು ಕಾಲು ಒತ್ತಿದ ಕ್ಷಣದಲ್ಲೇ ಎಳೆತ ಸಿಗುತ್ತದೆ. ಊರೊಳಗೆ ಕಾರು ಓಡಿಸುವವರಿಗೆ ದಿನಕ್ಕೆ ನೂರು ಸಲ ಬೇಕಾಗುವ ಗುಣ ಅದು.

ಈಗ ಥರ್ಮಾಮೀಟರನ್ನು ನೋಡಿ. ಹೊರಗಿನ ಗಾಳಿ 35 ಡಿಗ್ರಿ ಸೆಲ್ಸಿಯಸ್ ಇದೆ. ಆ ಗಾಳಿಯನ್ನು 8 ಪಿಎಸ್‌ಐ ಬೂಸ್ಟ್‌ಗೆ, ಅಂದರೆ ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚಿನ ಒತ್ತಡಕ್ಕೆ, ಒತ್ತಿದರೆ, ಯಂತ್ರದಲ್ಲಿ ಯಾವ ನಷ್ಟವೂ ಇಲ್ಲವೆಂದೇ ಹಿಡಿದರೂ, ಅದರ ಉಷ್ಣತೆ ಸುಮಾರು 40 ಡಿಗ್ರಿ ಏರುತ್ತದೆ. ದಕ್ಷತೆ ಶೇ. 70 ಇದ್ದರೆ ಏರಿಕೆ 58 ಡಿಗ್ರಿ, ಶೇ. 50ಕ್ಕೆ ಇಳಿದರೆ 81 ಡಿಗ್ರಿ. ಅಂದರೆ ದಕ್ಷತೆ ಇಷ್ಟು ಕಡಿಮೆಯಾಗಿ ಇಂಟರ್‌ಕೂಲರ್ (ಒತ್ತಿದ ಗಾಳಿಯನ್ನು ತಣಿಸುವ ಸಾಧನ) ಕೂಡ ಇಲ್ಲದಿದ್ದರೆ ಎಂಜಿನ್ನಿಗೆ ಹೋಗುವುದು ಕುದಿಯುವ ನೀರಿಗಿಂತಲೂ ಬಿಸಿಯಾದ ಗಾಳಿ. ಬಿಸಿ ಗಾಳಿ ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಸಿಡಿಯುವುದು) ತರುತ್ತದೆ. ನಾಕಿಂಗ್ ಕಂಡ ಕಂಪ್ಯೂಟರ್ ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ಸರಿಸುತ್ತದೆ, ಅಂದರೆ ಕಿಡಿಯನ್ನು ತಡಮಾಡುತ್ತದೆ. ಹಣ ಕೊಟ್ಟು ಪಡೆದ ಶಕ್ತಿ ಅಲ್ಲಿಗೇ ಕರಗುತ್ತದೆ. ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಪ್ರೀಮಿಯಂ ಪೆಟ್ರೋಲ್ ಎಂದರೆ 91 ಆಕ್ಟೇನ್ (ನಾಕಿಂಗ್ ತಡೆಯುವ ಗುಣದ ಅಂಕಿ), ನನ್ನ 2018ರ ಮಸ್ಟಾಂಗ್‌ನ ಕಂಪ್ರೆಷನ್ (ಸಿಲಿಂಡರ್ ಗಾಳಿಯನ್ನು ಒತ್ತುವ ಪ್ರಮಾಣ) 12:1. ಹಾಗಾಗಿ ಇಲ್ಲಿ ಬೂಸ್ಟ್‌ಗಿಂತ ಬಿಸಿಯ ಲೆಕ್ಕವನ್ನೇ ಮೊದಲು ಮಾಡಬೇಕು.

ಟ್ವಿನ್ ಸ್ಕ್ರೂ ತನ್ನ ಎರಡು ತಿರುಪುಗಳ ನಡುವೆ ಗಾಳಿಯನ್ನು ತನ್ನೊಳಗೇ ಒತ್ತಿ ಹೊರಬಿಡುತ್ತದೆ. ಆದ್ದರಿಂದ ಕೆಳಗಿನ ಆರ್‌ಪಿಎಂನಲ್ಲೇ ತುಂಬು ಬೂಸ್ಟ್ ಕೊಡುತ್ತಲೂ ಹಳೆಯ ರೂಟ್ಸ್‌ಗಿಂತ ತಂಪಾಗಿರುತ್ತದೆ. 2015ರ ಡಾಜ್ ಹೆಲ್‌ಕ್ಯಾಟ್ ಕಾರಿನ 707 ಅಶ್ವಶಕ್ತಿಯ ಹಿಂದಿರುವುದೂ ಇದೇ ಜಾತಿಯ 2.4 ಲೀಟರ್ ಯಂತ್ರ. ಅದನ್ನು ಪೂರ್ಣ ವೇಗದಲ್ಲಿ ತಿರುಗಿಸಲಿಕ್ಕೇ ಸುಮಾರು 80 ಅಶ್ವಶಕ್ತಿ ಬೇಕು. ಸೂಪರ್‌ಚಾರ್ಜರ್ ಕೊಡುವ ಶಕ್ತಿ ಪುಕ್ಕಟೆ ಎಂದುಕೊಂಡವರು ಈ ಅಂಕಿಯನ್ನು ಗಮನಿಸಬೇಕು.

ಈ ಶಾಟ್‌ನಲ್ಲಿ ನನ್ನ ಕಾರಿನಲ್ಲಿ ಕಾಣುವ ನೀಲಿ ಸ್ಟಿಕ್ಕರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಾಗಿದೆ. ಈ ರಾಜ್ಯದಲ್ಲಿ ಸೂಪರ್‌ಚಾರ್ಜರ್ ಕಿಟ್ಟನ್ನು ರಸ್ತೆಯ ಕಾರಿಗೆ ಹಾಕಬೇಕಾದರೆ ವಾಯು ಮಂಡಳಿಯ ಅನುಮತಿ ಸಂಖ್ಯೆ, ಅಂದರೆ ಇಒ ನಂಬರ್, ಬೇಕು. ನಾನು 8,000 ಡಾಲರ್‌ಗೂ ಮೇಲೆ ಕೊಟ್ಟು ಆ ನಂಬರ್ ಇರುವ ಕಿಟ್ಟನ್ನೇ ಕೊಂಡೆ. ಆದರೆ ಅದನ್ನು ಜೋಡಿಸಿದ ವರ್ಕ್‌ಶಾಪಿನವರು, ನನ್ನನ್ನು ಒಂದು ಮಾತೂ ಕೇಳದೆ, ಕಿಟ್ ಜೊತೆ ಬಂದಿದ್ದ ಟ್ಯೂನ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್) ತೆಗೆದು ತಮ್ಮದೇ ಟ್ಯೂನ್ ಹಾಕಿಬಿಟ್ಟರು. 2021ರ ಜುಲೈನಿಂದ ಇಲ್ಲಿಯ ಸ್ಮಾಗ್ (ಹೊಗೆ ಮಾಲಿನ್ಯ) ತಪಾಸಣೆಯಲ್ಲಿ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರನ್ನೂ ನೋಡುತ್ತಾರೆ. ಸ್ಟಿಕ್ಕರ್ ಸರಿಯಾಗಿತ್ತು, ಆದರೂ ಕಾರು ಫೇಲ್ ಆಯಿತು. ಅನುಮತಿ ಇರುವ ಟ್ಯೂನ್ ಮತ್ತೆ ಹಾಕಲು ಅವರು ನನ್ನಿಂದಲೇ ಹಣ ಕೇಳಿದರು. ಗಿರಾಕಿಯ ಕಾರಿನಲ್ಲಿ ಏನನ್ನು ಬದಲಾಯಿಸಿದರೂ ಬಿಲ್ಲಿನಲ್ಲಿ ಬರೆಯುವುದು ಕನಿಷ್ಠ ಮರ್ಯಾದೆ. ನೀವು ವರ್ಕ್‌ಶಾಪಿನಲ್ಲಿ ಕಾರು ಬಿಟ್ಟು ಬರುವ ಮುನ್ನ, ಯಾವ ಟ್ಯೂನ್ ಹಾಕುತ್ತಾರೆಂಬುದನ್ನು ಬರೆಸಿಕೊಳ್ಳಿ.

ಸರಿ, ಕಾರು ರಸ್ತೆಗೆ ಇಳಿಯಿತು, ಸೆಂಟ್ರಿಫ್ಯೂಗಲ್ ವಿಷಯಕ್ಕೆ ಬರೋಣ. ಇದು ಬೆಲ್ಟಿನಿಂದ ತಿರುಗುವ ಟರ್ಬೋ ಕಂಪ್ರೆಸರ್ ಎಂದರೆ ತಪ್ಪಾಗದು. ಇದರ ಬೂಸ್ಟ್ ಸುಮಾರಾಗಿ ತಿರುಗುವ ವೇಗದ ವರ್ಗಕ್ಕೆ (ಸ್ಕ್ವೇರ್) ಅನುಗುಣವಾಗಿ ಏರುತ್ತದೆ: 7,000 ಆರ್‌ಪಿಎಂನಲ್ಲಿ 10 ಪಿಎಸ್‌ಐ ಕೊಡುವ ಯಂತ್ರ 3,500ರಲ್ಲಿ ಕೊಡುವುದು ಎರಡೂವರೆ ಮಾತ್ರ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುವವರಿಗೆ ಇದು ಬೇಡವೇ ಬೇಡ ಎಂದು ಹೇಳಬೇಕೆಂದಿದ್ದೆ. ಆದರೆ ಗೆಳೆಯನ ಕಾರು ಎರಡನೇ ಗೇರಿನಲ್ಲೂ ಹಿಂದಿನ ಚಕ್ರ ಜಾರಿಸುತ್ತಿದ್ದುದನ್ನು ಈಗಷ್ಟೇ ನೋಡಿದಿರಿ. ನನ್ನದು ಅದೇ ರಸ್ತೆಯಲ್ಲಿ ಹಿಡಿತ ಬಿಡದೆ ಹೋಗುತ್ತಿದೆ, ಇಂಟೇಕ್ ಗಾಳಿಯ ಅಂಕಿಯೂ ಬೇಗ ಕೆಳಗಿಳಿಯುತ್ತಿದೆ. 12:1 ಕಂಪ್ರೆಷನ್, 91 ಆಕ್ಟೇನ್ ಮತ್ತು ಫ್ರೆಸ್ನೋ ಇರುವ ಈ ಕಣಿವೆಯ ಬೇಸಿಗೆ, ಮೂರೂ ಒಟ್ಟಿಗೆ ಇರುವಲ್ಲಿ ನನ್ನ ಮತ ಸೆಂಟ್ರಿಫ್ಯೂಗಲ್‌ಗೇ. ಕಂಪ್ರೆಷನ್ ಕಡಿಮೆ ಇರುವ ಎಂಜಿನ್, ಅಗಲವಾದ ಒಳ್ಳೆಯ ಟೈರ್ ಮತ್ತು ತಂಪಾದ ಊರು ನಿಮ್ಮದಾಗಿದ್ದರೆ ಟ್ವಿನ್ ಸ್ಕ್ರೂ ಕೊಳ್ಳಿ.

ಗೆಳೆಯ ಸೂಪರ್‌ಚಾರ್ಜರಿಗೆ ಇನ್ನೂ ಚಿಕ್ಕ ಪುಲ್ಲಿ (ಬೆಲ್ಟ್ ತಿರುಗಿಸುವ ಗಾಲಿ) ತರಿಸುವ ಆಲೋಚನೆಯಲ್ಲಿದ್ದಾನೆ. ಪುಲ್ಲಿ ಚಿಕ್ಕದಾದರೆ ಬೂಸ್ಟ್ ಏರುತ್ತದೆ, ಅದರೊಂದಿಗೆ ಬಿಸಿಯೂ ಏರುತ್ತದೆ. ಅನುಮತಿ ಪಡೆದದ್ದು ಈಗಿರುವ ಪುಲ್ಲಿ ಮಾತ್ರ. ಮೊದಲು ಹಿಂದಿನ ಟೈರ್ ಬದಲಿಸು, ಇಂಟರ್‌ಕೂಲರಿನ ನೀರು ತಣಿಸುವ ರೇಡಿಯೇಟರ್ ಸಾಕಾಗುತ್ತದೆಯೇ ನೋಡು, ಪುಲ್ಲಿಯನ್ನು ಮುಟ್ಟಬೇಡ ಎಂದು ಅವನಿಗೆ ಹೇಳಿದ್ದೇನೆ.