ಜ್ವರ ಯಾವ ಊರಿನದು, ಯಾವ ದಿನದ್ದು?

ಕೇಳುಗರೇ, ನಮಸ್ಕಾರ.

2022ರ ಡಿಸೆಂಬರ್ ತಿಂಗಳು ನೆನಪಿದೆಯಾ? ರಾಯಚೂರು ಜಿಲ್ಲೆಯ ಹೆಸರು ಟಿವಿಯಲ್ಲಿ ಓಡಿದ್ದೇ ಓಡಿದ್ದು. ಮಾನ್ವಿ ಕಡೆಯ ಒಂದು ಮಗುವಿಗೆ ಸೊಳ್ಳೆಯಿಂದ ಹರಡುವ ಝೀಕಾ ವೈರಸ್ ಸೋಂಕು ಬಂದಿದೆ ಎಂದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತ್ತು. ರಾಜ್ಯದಲ್ಲಿ ಝೀಕಾ ಪತ್ತೆಯಾಗಿದ್ದು ಅದೇ ಮೊದಲು. ಮಗುವಿನ ರಕ್ತ ತೆಗೆದದ್ದು ಡೆಂಗಿಯೋ ಚಿಕೂನ್‌ಗುನ್ಯವೋ ಎಂದು ನೋಡಲು. ಅಂಥ ಮಾದರಿಗಳಲ್ಲಿ ಕೆಲವನ್ನು ಪುಣೆಗೂ ಕಳಿಸುವ ರೂಢಿ ಇತ್ತು. ಅದರಿಂದಲೇ ಝೀಕಾ ಕಣ್ಣಿಗೆ ಬಿತ್ತು.

ಆದರೆ ಒಂದು ಸುದ್ದಿಯಿಂದ ಒಂದು ಸೀಮೆಯ ಜ್ವರದ ಸ್ವಭಾವ ಗೊತ್ತಾಗುವುದಿಲ್ಲ. ಅದಕ್ಕೆ ವರ್ಷಗಟ್ಟಲೆ ಲೆಕ್ಕ ಇಡಬೇಕು.

ಬಳ್ಳಾರಿ, ಕೊಪ್ಪಳ, ರಾಯಚೂರು, ಈ ನಮ್ಮ ಮೂರು ಜಿಲ್ಲೆಗಳನ್ನೇ ನೋಡಿ. ತುಂಗಭದ್ರಾ ಕಾಲುವೆ ಹರಿಯುವ ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಎತ್ತ ತಿರುಗಿದರೂ ಭತ್ತ. ಗದ್ದೆಯ ನಿಂತ ನೀರಿನಲ್ಲಿ ಕ್ಯುಲೆಕ್ಸ್ ಸೊಳ್ಳೆ ಹುಟ್ಟುತ್ತದೆ. ಬೆಳ್ಳಕ್ಕಿ, ಹಂದಿಗಳ ಮೈಯಲ್ಲಿರುವ ಜಪಾನೀಸ್ ಮೆದುಳು ಜ್ವರದ ವೈರಸ್ಸನ್ನು ಅದು ಮಕ್ಕಳಿಗೆ ದಾಟಿಸುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ ಈ ಜ್ವರ ಮತ್ತೆ ಮತ್ತೆ ಬಂದದ್ದು ದಾಖಲಾಗಿತ್ತು. ಹಾಗಾಗಿ 2006ರಲ್ಲಿ ಇದರ ಲಸಿಕೆ ಅಭಿಯಾನ ಶುರುವಾದಾಗ, ದೇಶದ ಮೊದಲ ಸಾಲಿನ ಜಿಲ್ಲೆಗಳಲ್ಲಿ ಬಳ್ಳಾರಿಯೂ ಇತ್ತು. ಹಳೆಯ ಲೆಕ್ಕ ಮಕ್ಕಳ ಜೀವ ಕಾಯುವುದು ಹೀಗೆ.

ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಮಾತೇ ಬೇರೆ. ಅದು ಒಣಭೂಮಿ. ನಳಕ್ಕೆ ಮತ್ತೆ ನೀರು ಯಾವಾಗ ಬರುತ್ತದೋ ಎಂದು ಬ್ಯಾರಲ್, ತೊಟ್ಟಿ, ಕೊಡ ಎಲ್ಲವನ್ನೂ ತುಂಬಿಡುತ್ತಾರೆ. ತುಂಬಿಡದೆ ಏನು ಮಾಡಬೇಕು, ಪಾಪ! ಡೆಂಗಿ, ಚಿಕೂನ್‌ಗುನ್ಯ, ಝೀಕಾ ಮೂರನ್ನೂ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದೂ ಅದೇ ನೀರು. ಅದರ ಮೊಟ್ಟೆ ಒಣಗಿದ ತೊಟ್ಟಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿ ಇಲ್ಲಿ ಬರೀ ಮಳೆಗಾಲದ ಲೆಕ್ಕ ಸಾಲದು, ಬೇಸಿಗೆಯದೂ ಬೇಕು.

2006ರ ಚಿಕೂನ್‌ಗುನ್ಯವನ್ನು ಹಿರಿಯರು ಮರೆತಿರಲಿಕ್ಕಿಲ್ಲ. ಆ ವರ್ಷ ರಾಜ್ಯದಲ್ಲಿ 7 ಲಕ್ಷಕ್ಕಿಂತ ಜಾಸ್ತಿ ಶಂಕಿತ ಪ್ರಕರಣಗಳು ದಾಖಲಾದವು.

ಈಗ ಆರೋಗ್ಯ ಇಲಾಖೆಯಲ್ಲಿ ವಾರವಾರದ ಲೆಕ್ಕ ಇದೆ. ಈ ವಾರದ ಜ್ವರವನ್ನು ಹಿಂದಿನ ಐದು ವರ್ಷಗಳ ಇದೇ ವಾರದ ಜೊತೆ ಇಟ್ಟು ನೋಡಿದರೆ, ಇದು ಮಾಮೂಲಿಯೋ ಅಲ್ಲವೋ ತಿಳಿಯುತ್ತದೆ. ಲೆಕ್ಕ ದಾರಿ ತಪ್ಪುವುದು ಎರಡು ಕಡೆ. ಲಿಂಗಸೂಗೂರಿನ ಹಳ್ಳಿಯವರು ರಾಯಚೂರಿನಲ್ಲಿ ಅಡ್ಮಿಟ್ ಆದರೆ, ವಿಳಾಸ ಸರಿಯಾಗಿ ಬರೆಸದಿದ್ದಾಗ ಜ್ವರ ರಾಯಚೂರಿನ ಪಾಲಿಗೆ ಹೋಗುತ್ತದೆ. ಹಳ್ಳಿಯ ಸೊಳ್ಳೆ ಹಳ್ಳಿಯಲ್ಲೇ ಉಳಿಯುತ್ತದೆ, ಅಲ್ವಾ? ಇನ್ನೊಂದು ತಾರೀಖು. ರಿಪೋರ್ಟ್ ಬಂದ ದಿನವನ್ನೇ ಜ್ವರ ಬಂದ ದಿನ ಎಂದು ಹಿಡಿದರೆ ಒಂದು ವಾರವೇ ಆಚೀಚೆ ಆಗಬಹುದು. ಅಷ್ಟರಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಿರುತ್ತದೆ.

ಗುಳೆ ಹೋದವರದ್ದು ಇನ್ನೂ ಕಷ್ಟ. ಬೆಂಗಳೂರಿನಲ್ಲಿ ಸೊಳ್ಳೆ ಕಚ್ಚಿರುತ್ತದೆ, ಜ್ವರ ಏರುವುದು ಊರಿಗೆ ಬಂದ ಮೇಲೆ. ಸೊಳ್ಳೆ ಕಚ್ಚಿದ ಮೇಲೆ ಡೆಂಗಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 4ರಿಂದ 10 ದಿನ ಬೇಕು. ಆದ್ದರಿಂದ ಹಿಂದಿನ ಎರಡು ವಾರ ಎಲ್ಲೆಲ್ಲಿ ಇದ್ದಿರಿ ಎಂದು ಆಶಾ ಅಕ್ಕ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ, ದಯವಿಟ್ಟು ಹೇಳಿ. ಜ್ವರ ಶುರುವಾದ ತಾರೀಖನ್ನೂ ಹೇಳಿ. ಮೊದಲ ಐದು ದಿನದೊಳಗಾದರೆ ಡೆಂಗಿಗೆ ಎನ್‌ಎಸ್‌1 ಪರೀಕ್ಷೆ, ಅಂದರೆ ರಕ್ತದಲ್ಲಿ ವೈರಸ್ಸಿನ ಅಂಶ ಹುಡುಕುವುದು; ಆಮೇಲೆ ಐಜಿಎಂ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹುಡುಕುವುದು. ಯಾವುದನ್ನು ಮಾಡಬೇಕು ಎಂದು ಲ್ಯಾಬಿನವರು ತೀರ್ಮಾನಿಸುವುದೂ ಆ ತಾರೀಖು ನೋಡಿಯೇ.